ಬಾಗಿಲಿನ ದೀರ್ಘ

ಅಡುಗೆಮನೆ ಮೇಜಿನಿಂದ,
ಹದಿನೇಳನೇ ತಾರೀಖು, ಬುಧವಾರ

ಸ್ಕ್ರೂ ತಿರುಗಿಸೋ ನನ್ನ ಪ್ರೀತಿಯ ತಿರುಪಮ್ಮಾ,

ನಿನ್ನ ಪೆನ್ನಿಗೆ ಬಾಯಿ ಬಿದ್ದುಹೋಯಿತೇನೇ? ನೀನು ಬರೆದ ಕಾಗದವನ್ನು ನಿಮ್ಮಪ್ಪ ಕೆಂಪು ಶಾಯಿಯಲ್ಲಿ ತಿದ್ದಿ ನಿನಗೇ ವಾಪಸು ಕಳಿಸಿದ, ತಪ್ಪೇ. ಪ್ರೆಸ್ಸಿನಲ್ಲಿ ದಿನವಿಡೀ ಕರಡು ತಿದ್ದುವವನು, ಮಗಳು ರಿಪೇರಿ ಕೆಲಸ ಕಲಿಯೋಕೆ ಹೋದಳಲ್ಲ ಅನ್ನೋ ಸಿಟ್ಟನ್ನೆಲ್ಲ ನಿನ್ನ ಕಾಗುಣಿತದ ಮೇಲೆ ತೀರಿಸಿಕೊಂಡ. ಅದಕ್ಕೆ ಅವನ ಜೊತೆ ಟೂ ಬಿಡು, ನನ್ನ ಜೊತೆ ಯಾಕೆ? ಫೋನ್ ಮಾಡಿದರೆ “ಚೆನ್ನಾಗಿದೀನಿ ಅಜ್ಜಿ” ಅಂತ ಇಟ್ಟುಬಿಡುತ್ತೀಯ. ಗಿಣಿಯೂ ಅಷ್ಟು ಹೇಳುತ್ತೆ.

ಮೈ ಹುಷಾರಾಗಿದೆಯಾ? ಬೆಸುಗೆ ಹಾಕೋವಾಗ ಬೆರಳು ಸುಟ್ಟುಕೊಂಡಿದ್ದೆಯಲ್ಲ, ಮಾಯಿತಾ? ನನ್ನ ಮಂಡಿ ಮೆಟ್ಟಿಲು ಕಂಡರೆ ಗೊಣಗುತ್ತೆ, ಬಾಕಿ ಗಟ್ಟಿಯಾಗಿದ್ದೀನಿ. ನಿಮ್ಮಮ್ಮನೂ ಆರಾಮ. ಹುಷಾರಿಲ್ಲದ್ದು ಮೈಕ್ರೋವೇವ್ ಒಂದೇ. ಗುಂಡಿ ಒತ್ತಿದರೆ ಕುಂಯ್ ಅನ್ನಲ್ಲ, ಮುಖದ ಮೇಲೆ ಒಂದು ಅಂಕಿ ಇಲ್ಲ. ಸತ್ತೇಹೋಯಿತು ಅಂದ ನಿಮ್ಮಪ್ಪ. ಸತ್ತಿದ್ದರೆ ಬಾಗಿಲು ತೆಗೆದಾಗ ಒಳಗೆ ದೀಪ ಯಾಕೋ ಉರಿಯುತ್ತೆ ಅಂತ ನಾನು ಕೇಳಿದೆ. ಒಳಗೆ ದೀಪ ಇಟ್ಟುಕೊಂಡು ಮುಖ ಗಂಟು ಹಾಕಿಕೊಳ್ಳೋರು ಈ ಮನೆಯಲ್ಲಿ ಇನ್ನೂ ಒಬ್ಬರಿದ್ದಾರೆ ಅಂದೆ. ನಿಮ್ಮಮ್ಮ ಸಿಂಕಿನ ಕಡೆ ತಿರುಗಿಕೊಂಡು ನಕ್ಕಳು.

ಬೀಗದ ಚಿತ್ರ ಇರೋ ಗುಂಡಿಯನ್ನು ನೀನು ತೋರಿಸಿಕೊಟ್ಟ ಹಾಗೆ ಒತ್ತಿ ಹಿಡಿದೆ, ಏನೂ ಆಗಲಿಲ್ಲ. ಪ್ಲಗ್ ಕಿತ್ತು ಒಂದು ರಾತ್ರಿ ಹಾಗೇ ಬಿಟ್ಟೆವು. ಬೆಳಿಗ್ಗೆ ಹಾಕಿದರೆ ಅಂಕಿ ಎಲ್ಲ ಬಂದು ಕೂತಿದೆ! ಹಾಲು ಬಿಸಿಯಾಯಿತು. ನಿಮ್ಮಮ್ಮ ಕಾಫಿಗೆ ನೀರು ಕುದಿಸಿದಳು, ಅಂಕಿ ಮತ್ತೆ ಮಾಯ. ಆಗ ನೋಡಿದೆ ಕಣೇ: ನೀರು ಕಾಯಿಸೋ ಕೆಟಲ್ ಸರಿಯಾಗಿ ಮೈಕ್ರೋವೇವ್ ಇಟ್ಟಿರೋ ಹಲಗೆಯ ಕೆಳಗೇ ಕೂತು ಮೂತಿ ಎತ್ತಿ ಹಬೆಯನ್ನೆಲ್ಲ ಗುಂಡಿಗಳ ಮೇಲೇ ಊದುತ್ತಿದೆ. ಕೆಟಲನ್ನು ಕಿಟಕಿ ಹತ್ತಿರ ಇಡಿಸಿದ್ದೀನಿ. ಈಗ ಅಂಕಿ ಒಂದು ಹೊತ್ತು ಬರುತ್ತೆ, ಒಂದು ಹೊತ್ತು ಬರಲ್ಲ. ಹಬೆ ಒಳಗೆ ಹೋಗಿ ಯಾವುದೋ ತಂತಿಗೆ ನೆಗಡಿ ಹಿಡಿಸಿದೆ ಅಂತ ನನ್ನ ಲೆಕ್ಕ. ಹೌದೋ ಅಲ್ಲವೋ ನೀನು ಹೇಳಬೇಕು.

ನಿಮ್ಮಪ್ಪ ಬಿಚ್ಚಿ ನೋಡ್ತೀನಿ ಅಂತ ಹೊರಟಿದ್ದ. ಪ್ಲಗ್ ಕಿತ್ತರೂ ಅದರೊಳಗೆ ಕರೆಂಟು ಕೂತಿರುತ್ತೆ, ಮುಟ್ಟಿದವರನ್ನು ಬಿಡಲ್ಲ ಅಂತ ನೀನು ಆ ಕಾಗದದಲ್ಲೇ ಬರೆದಿದ್ದೆ. ಅವನು ಒತ್ತಕ್ಷರ ಎಣಿಸುತ್ತಿದ್ದ, ನಾನು ವಿಷಯ ಓದಿದ್ದೆ. ಸ್ಕ್ರೂಡ್ರೈವರ್ ನನ್ನ ದಿಂಬಿನ ಕವರಿನೊಳಗಿದೆ. ಹಾಗಾದರೆ ತಿಂಗಳ ಕೊನೆಗೆ ಮೈಕ್ರೋವೇವನ್ನೇ ಗುಜರಿಗೆ ಹಾಕ್ತೀನಿ ಅಂತ ಹಟ ಹಿಡಿದಿದ್ದಾನೆ.

ಹೊತ್ತು ಹೊತ್ತಿಗೆ ಊಟ ಮಾಡು. ಕೂದಲು ಬಿಗಿಯಾಗಿ ಕಟ್ಟಿಕೊಂಡು ಕೆಲಸಕ್ಕೆ ಕೂರು. ನಿನ್ನ ಕೈ ಸದಾ ತಣ್ಣಗಿರಲಿ.

ನಿನ್ನ ಅಜ್ಜಿ
(ಎರಡನೇ ಕ್ಲಾಸು, ಅದೂ ಅರ್ಧ)

ತಡಿ, ಮುಖ್ಯವಾದದ್ದು ಈಗ ಬಂತು. ಅಂಚೆಗೆ ಹಾಕೋಕೆ ಹೊರಟಾಗ ನಿಮ್ಮಪ್ಪ ಬಂದು ಒಂದು ಚೀಟಿ ತುರುಕಿದ. “ನೀನೇ ಕೇಳ್ತಿರೋ ಹಾಗೆ ಕೇಳಮ್ಮ, ನನ್ನ ಹೆಸರು ಎತ್ತಬೇಡ” ಅಂದ. ಮೈಕ್ರೋವೇವಿನ ಕಾಯಿಲೆಯನ್ನೆಲ್ಲ ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದಾನೆ. ಓದಿದೆ. “ಬಗಿಲು ತೆಗೆದರೆ ದೀಪ ಬರುತ್ತದೆ” ಅಂತಿದೆ. ಊರವರ ದೀರ್ಘವನ್ನೆಲ್ಲ ತಿದ್ದುವವನಿಗೆ ಮಗಳಿಗೆ ಬರೆಯುವಾಗ ‘ಬಾ’ ಅನ್ನೋ ಅಕ್ಷರ ಕೈಗೆ ಬರಲಿಲ್ಲ ನೋಡು. ಚೀಟಿ ಇದರ ಜೊತೆಗಿದೆ. ಕೆಂಪು ಶಾಯಿಯಲ್ಲಿ ತಿದ್ದು. ಅಂಚೆಗೆ ಹಾಕಬೇಡ, ನಿನ್ನ ಸಾಮಾನಿನ ಚೀಲದಲ್ಲಿ ಇಟ್ಟುಕೊಂಡು ನೀನೇ ತಂದುಕೊಡು. ಯಾವ ಬಸ್ಸಿಗೆ ಬರುತ್ತೀಯ ಅಂತ ಮುಂದಿನ ತಿಂಗಳು ಹುಟ್ಟೋದರೊಳಗೆ ಬರೆದು ತಿಳಿಸು.