ತುರುಪಿನ ಹುಟ್ಟೂರು

ನನ್ನ ಬಾಯಿಗೆ ಮಾತು ಕೊಟ್ಟ ಮಾಸ್ತರರಿಗೆ, ನಿಮ್ಮ ಶಿಷ್ಯ ಈರಣ್ಣ ಎದೆಯುಬ್ಬಿಸಿ ಬರೆಯುವುದು.

ಗುಡೂರಿನ ಆ ತಾಲೀಮು ನೆನಪಿದೆಯೇ? ನೀವು ಬರೆದ ನಾಟಕ, ಕೊನೆಯ ಅಂಕ. ರೈತನ ವೇಷದ ನಾನು, “ತುರುಪಿನ ಎಲಿ ಇನ್ನೂ ನನ್ನ ಕೈಯಾಗ ಐತ್ರಿ, ಗೌಡ್ರ” ಎಂದು ಗುಡುಗಿದೆ. ತುರುಪು ಅಂದರೇನು ಎಂದು ನೀವು ಕೇಳಿದಿರಿ. ಗೊತ್ತಿಲ್ಲದ ಮಾತನ್ನು ಮೂರು ಮನೆ ಕೇಳಿ ಬಂದೇ ಆಡಬೇಕು; ಅದು ನಿಮ್ಮ ಕಂಪನಿಯ ಕಟ್ಟಳೆ.

ಮೂರೂ ಮನೆ ತಿರುಗಿದೆ. ಪರರ ರಾಜನನ್ನೂ ಹೊಡೆಯುವ ಇಸ್ಪೀಟಿನ ಬಣ್ಣ ಎಂದರು ಇಳಕಲ್ಲಿನ ನೇಕಾರರು. ಕೊನೆಯತನಕ ಮುಚ್ಚಿಟ್ಟ ಸಾಕ್ಷಿ ಎಂದರು ಹುನಗುಂದದ ವಕೀಲರು. ಬಾದಾಮಿಯ ಮುದಿ ಸಿಪಾಯಿ ಮೀಸೆ ತಿರುವಿ, ಕುದುರೆ ಸವಾರರ ದಂಡು ಎಂದ. ಮೂರನ್ನೂ ಮನಸ್ಸಿನಲ್ಲಿಟ್ಟುಕೊಂಡು ಆಡು ಎಂದಿರಿ. ಆಡಿದೆ, ಮಾಸ್ತರ!

ಬಾಗಲಕೋಟೆಯ ಸ್ಪರ್ಧೆ ಹೇಗೆ ಮರೆಯಲಿ? ತುರುಪು ಕನ್ನಡದ ಮಾತಲ್ಲ, ಅದನ್ನು ತೆಗೆದರೆ ಮೊದಲ ಬಹುಮಾನ ನಿಮ್ಮದೇ ಎಂದರು ತೀರ್ಪುಗಾರ ಪಂಡಿತರು. ಮುರಿಯುತ್ತಿದ್ದ ಕಂಪನಿಗೆ ಆ ಹೆಸರು ಎಷ್ಟು ಬೇಕಿತ್ತು... ನೀವು ಕೈಮುಗಿದು, “ನಮ್ಮ ಮಂದಿ ಆಡೋ ಮಾತ್ರಿ ಇದು. ನಾ ತಗಿಯಾಂಗಿಲ್ಲ” ಎಂದಿರಿ. ಬರಿಗೈಯಲ್ಲಿ ಬಂದೆವು. ಕಂಪನಿ ಮುರಿಯಿತು. ಒಂದು ಪರಕೀಯ ಮಾತಿಗೆ ಮಾಸ್ತರ ಮನೆ ಕಳೆದ ಎಂದು ಮಂದಿ ಆಡಿಕೊಂಡರು. ಆ ನೋವಿನಲ್ಲೇ ಕಣ್ಣು ಮುಚ್ಚಿದಿರಲ್ಲ?

ಹೋದ ವರ್ಷ ಬಾದಾಮಿಯ ಗುಹೆಗಳ ಬುಡದಲ್ಲಿ ಟಾಂಗಾದವರು ಇಸ್ಪೀಟು ಆಡುತ್ತಿದ್ದರು. ಹಾಲೆಂಡಿನಿಂದ ಬಂದ, ಭಾಷೆಗಳನ್ನು ಓದಿದ ಹೆಣ್ಣುಮಗಳೊಬ್ಬಳು ‘ತುರುಪು’ ಕೇಳಿ ಗಕ್ಕನೆ ನಿಂತಳು. ಅದು ಅವರ ನಾಡಿನ ‘ಟ್ರೂಫ್’ ಅಂತೆ, ಹಡಗಿನ ವ್ಯಾಪಾರಿಗಳ ಜೊತೆ ನಮ್ಮ ಕಡೆ ಇಳಿದದ್ದು. ಅವರಿಗೆ ಅದು ಫ್ರೆಂಚರಿಂದ, ಫ್ರೆಂಚರಿಗೆ ರೋಮಿನಿಂದ. ಅಲ್ಲಿ ಅದು ಗೆದ್ದ ಸೇನಾಪತಿಯ ಮೆರವಣಿಗೆ! ಸಿಪಾಯಿಯ ತುರುಪು ಮಾತ್ರ ಇಂಗ್ಲಿಷರ ದಂಡಿನಿಂದ ಬಂದ ಬೇರೆ ಮಾತು. ತಿನ್ನಲು ಗತಿಯಿಲ್ಲದ ಮನೆ ಕಂಡರೆ ಅವಳ ಊರಲ್ಲಿ ‘ಅಲ್ಲಿ ಬಡತನವೇ ತುರುಪು’ ಎನ್ನುತ್ತಾರಂತೆ. ನಮ್ಮ ಕಂಪನಿಯನ್ನು ಯಾವಾಗ ನೋಡಿದ್ದರೋ!

ನಕ್ಕೆ; ಮರುಗಳಿಗೆಯೇ ಯೋಚನೆ ಹತ್ತಿತು. ಹಾಗಾದರೆ ಪಂಡಿತರೇ ಸರಿ, ನೀವು... ಮುಚ್ಚಿಡಲೇ? ಮುಚ್ಚಿಟ್ಟರೆ ನಿಮ್ಮ ಶಿಷ್ಯನೇ ನಾನು?

ಮೊನ್ನೆ ನವನಗರದಲ್ಲಿ ನಿಮ್ಮ ನಾಟಕ ಆಡಿಸಿದೆ. ನೋಡಬಂದವರೆಲ್ಲ ಅಣೆಕಟ್ಟಿನ ಮುಳುಗಡೆಗೆ ಮನೆ ಬಿಟ್ಟು ಬಂದ ಬಾಗಲಕೋಟೆಯವರು. ಪರದೆಯ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಈ ಮಾತು ಪರದೇಶದ್ದು, ನೀವು ಬೇಡವೆಂದರೆ ಈಗಲೇ ತೆಗೆಯುತ್ತೇನೆ ಎಂದೆ. ಸಭೆಯಲ್ಲಿ ಒಬ್ಬ ಮುದುಕಿ ಎದ್ದಳು.

“ನಾವರೆ ಈ ಜಾಗಾದಾಗ ಹುಟ್ಟೇವೇನೋ ತಮ್ಮಾ? ಬಂದೇವಿ, ಒಲಿ ಹೂಡೇವಿ, ಇದ ನಮ್ಮೂರು ಅಂತೇವಿ. ಅದೂ ಇರ್ಲಿ ಬಿಡು.”

ಸಭೆಗೆ ಸಭೆಯೇ ಹೋ ಎಂದಿತು, ಮಾಸ್ತರ. ನಿಮಗೆ ಬಹುಮಾನ ಕೊಡದ ಊರಿನ ಮಂದಿಯೇ ನಿಮ್ಮ ಮಾತನ್ನು ಒಳಗೆ ಕರೆದುಕೊಂಡರು. ನಾನಿರುವ ತನಕ ನಿಮ್ಮ ನಾಟಕದ ಒಂದಕ್ಷರವನ್ನೂ ಯಾರಿಗೂ ಮುಟ್ಟಗೊಡುವುದಿಲ್ಲ.