ಹನ್ನೊಂದು ವರ್ಷದ ಮಸಿ

24 ಸೆಪ್ಟೆಂಬರ್ 2025, ಬುಧವಾರ. ಬೆಳಿಗ್ಗೆ 6.10

ಶಾಲೆಯ ಟೆರೇಸು. ಗಾಳಿ ಅಳೆಯುವ ಮಷೀನಿನ ಫಿಲ್ಟರ್ ಪೇಪರ್ ಬದಲಾಯಿಸಿದೆ. ಎಂಟು ಗಂಟೆಯಲ್ಲಿ ಹಂಚಿನ ತಳದಷ್ಟು ಕಪ್ಪು. ಮಾಲಿನ್ಯ ಮಂಡಳಿಯ ಈ ಕೆಲಸಕ್ಕೆ ಸೇರಿದ ವರ್ಷ ಇದೇ ಪೇಪರ್ ಚಹಾ ಸೋಸಿದ ಬಟ್ಟೆಯ ಬಣ್ಣದಲ್ಲಿರುತ್ತಿತ್ತು. ಹನ್ನೊಂದು ವರ್ಷ, ವಾರಕ್ಕೆರಡು ದಿನ, ಜೊತೆಗೆ ಹಬ್ಬದ ದಿನಗಳು, ಒಂದೂ ತಪ್ಪಿಸಿಲ್ಲ. ಗ್ರಾಫಿನ ಗೆರೆ ಮೇಲಕ್ಕೇ ಹೋಗಿದೆ.

ಕೆಳಗೆ ಬಕ್ಕೇಶನ ಮಂಡಕ್ಕಿ ಭಟ್ಟಿ. ನಸುಕಿನಲ್ಲಿ ಹೊಟ್ಟಿನ ಜೊತೆ ಹಳೆ ಟೈರ್ ಸುಡುತ್ತಾರೆ. ಒಲೆಗೆ ಹಾಕುವವನು ನನ್ನ ತಮ್ಮ ಗಣೇಶ. ಇವತ್ತೂ ಭಟ್ಟಿಯ ಕಡೆಯಿಂದ ಕಲ್ಲು ಬಿತ್ತು — ಒಂದು ಮೀಟರಿನ ಗಾಜಿಗೆ, ಒಂದು ನನ್ನ ಮೊಣಕಾಲಿಗೆ. ಎಸೆದವನ ಕೈ ಸೇದಿ ಹೋಗಲಿ.

1 ಅಕ್ಟೋಬರ್, ಬುಧವಾರ

ಆಯುಧಪೂಜೆ. ಅಮ್ಮನೂ ಟೆರೇಸಿಗೆ ಬಂದಳು. ಚೆಂಡುಹೂವು, ಕುಂಬಳಕಾಯಿ, ಲೋಬಾನ. ಮಷೀನ್ ನಿಲ್ಲಿಸಿ ಪೂಜೆ ಮಾಡೋಣ ಅಂದೆ.

"ಅನ್ನ ಕೊಡೋದನ್ನ ಇಂಥ ದಿನ ನಿಲ್ಲಿಸ್ತಾರೇನೆ ನೇತ್ರಾ? ಓಡ್ತಾ ಇರ್ಲಿ. ಅದ್ಕೂ ಧೂಪ ತಾಗ್ಲಿ."

ತಾಗಿತು. ರೀಡಿಂಗ್ ಬಂದಷ್ಟೇ ಬರೆದೆ, ಪ್ರತಿ ವರ್ಷದಂತೆ.

18 ಅಕ್ಟೋಬರ್, ಶನಿವಾರ

ಭಟ್ಟಿಗೆ ಬೀಗ ಬಿತ್ತು. ನನ್ನ ರಿಜಿಸ್ಟರ್ ಒಂದು ಸಾಕ್ಷಿ. ಅಲ್ಲಿ ಜರಡಿ ಹಿಡಿಯಲು ದಿನಾ ಹರಿಹರದಿಂದ ಬರುವ ಅಂಜುಮ್ ಇನ್ನೊಂದು. ಟೈರಿನ ವಿಷಯ ಎಲ್ಲ ಬರೆದುಕೊಟ್ಟಳು. ಕೆಮ್ಮಿದರೆ ರಕ್ತ ಬರುತ್ತದೆ ಅವಳಿಗೆ.

ಸಂಜೆ ಗಣೇಶ ಬಂದ. "ನಮ್ಮ ಅನ್ನಕ್ಕೇ ಮಣ್ಣು ಹಾಕಿದ್ಯಲ್ಲ ಅಕ್ಕ" ಅಂದ. ಮಾತು ಮುಗಿಯುವ ಮೊದಲೇ ನನ್ನ ಕೆನ್ನೆಗೆ ಬಿತ್ತು. ಎರಡನೇ ಏಟಿಗೆ ಹಲ್ಲು ಅಲುಗಿತು. ನಾನೂ ಲಟ್ಟಣಿಗೆ ತೆಗೆದುಕೊಂಡು ಬಾರಿಸಿದೆ. ಅಮ್ಮ ನಡುವೆ ಬಂದು ನನ್ನ ಕೈ ಮಾತ್ರ ಹಿಡಿದಳು.

12 ನವೆಂಬರ್, ಬುಧವಾರ

ವಿಚಾರಣೆ. ಬಕ್ಕೇಶನ ವಕೀಲ ರಿಜಿಸ್ಟರ್ ತಿರುವಿದ.

"ಪ್ರತಿ ವರ್ಷ ಆಯುಧಪೂಜೆ ದಿನ ರೀಡಿಂಗ್ ದುಪ್ಪಟ್ಟು ಐತೆ. ಅವತ್ತು ಭಟ್ಟಿ ರಜಾ. ಏನ್ ಸುಟ್ರಿ ಮೇಡಂ?"

"ಲೋಬಾನ" ಅಂದೆ. ಸುಳ್ಳು ಬಾಯಿಗೆ ಬರಲಿಲ್ಲ.

"ಬಾಕಿ ದಿನ ಏನೇನ್ ಸುಡ್ತಿದ್ರಿ?"

ಎಲ್ಲರೂ ನಕ್ಕರು. ಹನ್ನೊಂದು ವರ್ಷ ಆ ನಗುವಿನಲ್ಲೇ ಹೋಯಿತು. ಬೀಗ ತೆಗೆಯಲು ಆದೇಶ. ನಾಚಿಕೆ... ಅದಕ್ಕಿಂತ ಸಿಟ್ಟು, ನನ್ನ ಮೇಲೇ.

15 ನವೆಂಬರ್, ಶನಿವಾರ. ಬೆಳಿಗ್ಗೆ 6.40

ಕಂಡದ್ದನ್ನು ಈಗಲೇ ಬರೆಯಬೇಕು. ಭಟ್ಟಿ ಮತ್ತೆ ಹೊತ್ತಿಸಿದ್ದರು, ಅಂಗಳದ ತುಂಬ ಹೊಗೆ. ಅಂಜುಮ್ ತನ್ನ ಜರಡಿ ಒಯ್ಯಲು ಬಂದಿದ್ದಳು. ಇಬ್ಬರು ಹಿಡಿದುಕೊಂಡರು. ಒಬ್ಬ ಒಲೆ ಕೆದಕುವ ರಾಡಿನಿಂದ ಹೊಡೆದ. ಮೊದಲು ಮೊಣಕೈಗೆ — ಮುರಿದ ಸದ್ದು ಟೆರೇಸಿನವರೆಗೆ ಕೇಳಿತು. ಆಮೇಲೆ ತಲೆಗೆ. ಮೂರು ಸಲ.

ಕೂಗಿದೆ. ಹೊಡೆಯುತ್ತಿದ್ದವನು ತಲೆಯೆತ್ತಿದ. ಗಣೇಶ.

ಅದೇ ದಿನ, 11.30

ಆಸ್ಪತ್ರೆಯಲ್ಲಿ ಅಂಜುಮ್ ಇನ್ನೂ ಕಣ್ಣು ತೆರೆದಿಲ್ಲ. ಪೊಲೀಸಿನವರು ಬಂದಿದ್ದರು. "ಮೇಲಿಂದ ನೋಡ್ದೋರು ನೀವೊಬ್ರೇ. ಸ್ಟೇಷನ್ನಿಗೆ ಬಂದು ಬರ್ಕೊಡ್ರಿ."

ಅವರು ಹೋದ ಮೇಲೆ ಅಮ್ಮ ನನ್ನ ಕಾಲು ಹಿಡಿದಳು. ಹೆತ್ತವಳು.

"ಹೊಗಿಯಾಗೆ ಏನೂ ಕಾಣ್ಲಿಲ್ಲ ಅನ್ನು, ಅಷ್ಟೇ. ಹೊಗಿ ಇದ್ದದ್ದು ಖರೇನೇ ಐತಲ್ಲ."

17 ನವೆಂಬರ್, ಸೋಮವಾರ. ಸಂಜೆ 6.15

ಅಂಜುಮ್ ಬೆಳಿಗ್ಗೆ ತೀರಿಕೊಂಡಳು.

ಬರೆದುಕೊಟ್ಟು ಬಂದೆ. ಹೊಗೆ ಇತ್ತು ಎಂದೂ ಬರೆದೆ. ಅದರೊಳಗೇ ನನ್ನ ತಮ್ಮನ ಮುಖ ಕಂಡೆ ಎಂದೂ ಬರೆದೆ. ಸಹಿ ಹಾಕುವಾಗ ಅತ್ತೆ. ಅವನು ಶನಿವಾರದಿಂದ ಸಿಕ್ಕಿಲ್ಲ. ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ಗೋಡೆಗೆ ಒರಗಿ ಕೂತಿದ್ದಾಳೆ.

ಬಾಗಿಲು ಬಡಿಯುತ್ತಿದ್ದಾರೆ. ಕೈಯಲ್ಲಿ ಅಲ್ಲ, ಕಬ್ಬಿಣದ ಸದ್ದು. "ಅಕ್ಕ, ತೆಗಿ."

ಪೊಲೀಸರಿಗೆ ಫೋನ್ ಮಾಡಿದೆ. ಹೊರಟಿದ್ದಾರಂತೆ. ತೆಗೀಬ್ಯಾಡ ಅಂದೆ ಅಮ್ಮನಿಗೆ. ಕೇಳಿಸದವಳಂತೆ ಎದ್ದಳು. ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಚಿಲಕದ ಮೇಲೆ ಕೈ ಇಟ್ಟಳು, ತೆಗೆ—