ಆರರ ಅಡ್ಡಗೆರೆ

ಕೈಸರೇಯ ಬಂದರು
ಉಪವಾಸದ ನಾಲ್ಕನೆಯ ವಾರ, ಬುಧವಾರ

ಪ್ರೀತಿಯ ಜೆಬಿನನಿಗೆ, ಅಮ್ಮಿಯಾ ಕೋರುವ ಶಾಂತಿ.

'ನಿನ್ನ ಅಮ್ಮಿಯಾ' ಎಂದು ಬರೆಯಲು ಹೋಗಿ ಕೈ ತಡೆಯಿತು. ನೀನು ಬೇಶಾನಿಗೆ ಹೋಗಿ ಹನ್ನೊಂದು ತಿಂಗಳಾಯಿತು. ಅಲ್ಲಿಂದ ಬಂದದ್ದು ಒಂದೇ ಒಂದು ಚೀಟಿ: 'ತಲುಪಿದೆ, ನಾರುಬಟ್ಟೆ ವ್ಯಾಪಾರಿಗಳಿಗೆ ಪತ್ರ ಬರೆದುಕೊಡುತ್ತಿದ್ದೇನೆ, ಚಳಿ ಇದೆ.' ಅದನ್ನು ಎಷ್ಟು ಸಲ ಮಡಿಚಿ ಬಿಡಿಸಿದೆನೆಂದರೆ 'ಚಳಿ' ಎಂಬ ಮಾತು ಮಡಿಕೆಯಲ್ಲಿ ಸವೆದೇ ಹೋಗಿದೆ.

ನಾನು ಕ್ಷೇಮ ಎಂದು ಬರೆಯಬೇಕು. ಸೋಮವಾರದಿಂದ ಒಂದು ಕಡೆ ಕುಳಿತಿಲ್ಲ. ಬಂದರಿನ ಕಟ್ಟೆಯ ತುದಿಯವರೆಗೆ ನಡೆಯುತ್ತೇನೆ, ತಿರುಗಿ ಬರುತ್ತೇನೆ, ನೆನೆಹಾಕಿದ ಬೇಳೆಯನ್ನು ಮರೆಯುತ್ತೇನೆ. ಕಾರಣ ಹೇಳುತ್ತೇನೆ.

ಸೋಮವಾರ ಬೆಳಿಗ್ಗೆ, ಸಭೆಯ ಗ್ರಂಥಗಳ ಪ್ರತಿ ಮಾಡುವ ನಮ್ಮ ಶಾಲೆಯಲ್ಲಿ, ಧರ್ಮಸೇವಕ ಗೊರ್ಗೋನಿಯ ನನ್ನ ಮೇಜಿನ ಮೇಲೆ ಒಂದು ದಪ್ಪ ಪುಸ್ತಕ ತಂದಿಟ್ಟ. ನೋಡಿದ ಕೂಡಲೇ ಗುರುತು ಸಿಕ್ಕಿತು. ಅರೇಬಿಯಾ ಗಡಿಯ ಆ ಸಭೆ ಹಿಂತಿರುಗಿಸಿದ ಪುಸ್ತಕ, ನೀನು ಬರೆದು ನಾನು ತಿದ್ದಿದ್ದು. "ಅಮ್ಮಿಯಾ, ಇದನ್ನೇ ನೋಡಿಕೊಂಡು ಹೊಸ ಪ್ರತಿ ಮಾಡು. ಯೋಹಾನನ ಸುವಾರ್ತೆಯಲ್ಲಿ ನಿನ್ನ ಗಂಡ ಮಾಡಿದ ಕಳ್ಳತನ ಇದೆಯಲ್ಲ, ಅಲ್ಲಿ ಸರಿಯಾಗಿ ಆರು ಅಂತ ಬರಿ. ನಿನ್ನ ಕೈಯಿಂದಲೇ ತಿದ್ದಿದ ಹಾಗಾಗಲಿ, ಪಾಪ, ಅವನ ಆತ್ಮಕ್ಕೂ ಒಳ್ಳೇದು" ಎಂದ. ನಾನು ತಲೆಯಾಡಿಸಿದೆ. ಎಲ್ಲರೂ ನೋಡುತ್ತಿದ್ದರು.

ಹೋದ ವರ್ಷದ ಚಳಿಗಾಲದ ಆ ದಿನ ನಿನಗೆ ನೆನಪಿರುತ್ತದೆ. ಪೇಟೆಯಲ್ಲಿ ಯಾವನೋ ಒಬ್ಬ ಹಳೇ ದೇವರುಗಳ ಭಕ್ತ ಎದ್ದು ನಿಂತು ನಮ್ಮವರನ್ನು ಆಡಿಕೊಂಡಿದ್ದ. "ನಿಮ್ಮ ಮಾರ್ಕ ಹೇಳ್ತಾನೆ, ಮೂರನೇ ತಾಸಿಗೆ ನಿಮ್ಮ ಪ್ರಭುನ್ನ ಶಿಲುಬೆಗೆ ಏರಿಸಿದ್ರು ಅಂತ. ಯೋಹಾನ ಹೇಳ್ತಾನೆ, ಆರನೇ ತಾಸಿಗೆ ಇನ್ನೂ ನ್ಯಾಯಾಧಿಪತಿ ಮುಂದೆ ನಿಂತಿದ್ದ ಅಂತ. ಏನ್ರಯ್ಯ, ಶಿಲುಬೆಯಿಂದ ಇಳಿದು ಬಂದು ತೀರ್ಪು ಕೇಳಿಸಿಕೊಂಡು ಮತ್ತೆ ಹತ್ತಿದನಾ?" ಜನ ನಕ್ಕಿದ್ದರು. ಗೊರ್ಗೋನಿಯನ ಮುಖ ಸುಟ್ಟ ಬದನೆಕಾಯಿಯಂತಾಗಿತ್ತು. ಎರಡು ಹೊತ್ತನ್ನೂ ಹೇಗಾದರೂ ಒಂದು ಮಾಡಬೇಕು ಎಂದು ಹಟ ಹಿಡಿದು, ನ್ಯಾಯಸ್ಥಾನದ ನಿವೃತ್ತ ಗುಮಾಸ್ತ ರುಸ್ತಿಕನನ್ನೂ ನಮಗೆ ಬರೆಯುವ ತೊಗಲು ಹದಮಾಡಿ ಕೊಡುವ ಯೆಹೂದಿ ಮುದುಕ ಯೂದಾನನನ್ನೂ ಕರೆಸಿದ.

"ನಿಮ್ಮ ಪುಸ್ತಕದ ಪಂಚಾಯಿತಿಗೆ ನನ್ನನ್ಯಾಕಪ್ಪ ಎಳೀತೀರಿ? ತೊಗಲು ಚೆನ್ನಾಗಿದೆಯೋ ಇಲ್ವೋ ಅಷ್ಟು ಹೇಳಿ" ಎಂದು ಯೂದಾನ ಬಾಗಿಲಲ್ಲೇ ನಿಂತ. ರುಸ್ತಿಕ ಮಾತ್ರ ಎದೆಯುಬ್ಬಿಸಿ ಕುಳಿತು, "ಇದರಲ್ಲೇನಿದೆ ತೊಡಕು? ರೋಮಿನ ಕಾನೂನಿನಲ್ಲಿ ದಿನ ಶುರುವಾಗೋದು ನಡುರಾತ್ರಿಗೆ. ಅಲ್ಲಿಂದ ಎಣಿಸಿ, ಆರನೇ ತಾಸು ಅಂದ್ರೆ ಬೆಳಗಿನ ಜಾವ. ಯೋಹಾನ ರೋಮಿನ ಲೆಕ್ಕ ಹೇಳ್ದ, ಮಾರ್ಕ ಸೂರ್ಯ ಹುಟ್ಟಿದ ಮೇಲಿನ ಲೆಕ್ಕ ಹೇಳ್ದ. ಬೆಳಗಿನ ಜಾವ ತೀರ್ಪು, ಬಿಸಿಲೇರಿದ ಮೇಲೆ ಶಿಲುಬೆ. ಮುಗೀತಲ್ಲ!" ಎಂದ.

ನನಗೆ ಎಷ್ಟು ಸಂತೋಷವಾಯಿತೆಂದರೆ ಎದ್ದು ಅವನಿಗೆ ನಾನೇ ದ್ರಾಕ್ಷಾರಸ ತಂದುಕೊಟ್ಟೆ. ನೀನು ಮಾತ್ರ ಮೆಲ್ಲಗೆ ಕೇಳಿದೆ: "ರುಸ್ತಿಕಣ್ಣ, ಮೂವತ್ತು ವರ್ಷ ದಸ್ತಾವೇಜು ಬರೆದಿದ್ದೀಯ. ನಡುರಾತ್ರಿಯಿಂದ ಎಣಿಸಿ ಆರನೇ ತಾಸು ಅಂತ ಒಂದ್ಸಲನಾದ್ರೂ ಬರೆದಿದ್ದೀಯಾ?"

ಅವನು ಗಡ್ಡ ಕೆರೆದುಕೊಂಡ. "ತಾರೀಖು ನಡುರಾತ್ರಿಗೆ ಬದಲಾಗುತ್ತೆ. ತಾಸು... ಅದು ಬೇರೆ. ತಾಸನ್ನ ನಾವೂ ಸೂರ್ಯ ಹುಟ್ಟಿದ ಮೇಲೇ ಎಣಿಸೋದು. ನೆರಳುಗಂಬಕ್ಕೆ ರಾತ್ರಿ ಎಲ್ಲಿ ಕಣ್ಣು ಕಾಣುತ್ತೆ?"

"ಅದೇ ಯೋಹಾನ, ಪ್ರಭು ದಾರಿ ನಡೆದು ದಣಿದು ಬಾವಿಕಟ್ಟೆ ಮೇಲೆ ಕೂತದ್ದೂ ಆರನೇ ತಾಸಿಗೆ ಅಂತಾನೆ. ಬೆಳಗಾಗೋ ಮುಂಚೆ ಯಾರು ಅಷ್ಟು ದಣೀತಾರೆ?" ಎಂದೆ ನೀನು. ನಿನ್ನನ್ನು ಮದುವೆಯಾದ ದಿನದಿಂದ ನಿನ್ನ ಈ ಮೆಲುದನಿಯನ್ನು ಕಂಡರೆ ನನಗೆ ಭಯ. ಟೈರಿನಲ್ಲಿ ಇದೇ ದನಿಯಲ್ಲಿ ಯಜಮಾನನ ತಪ್ಪು ತೋರಿಸಿದೆ, ಊರು ಬಿಟ್ಟೆವು. ಬೇರೂತಿನಲ್ಲೂ ಹಾಗೇ. ಸೀದೋನಿನಲ್ಲಂತೂ ಗಂಟು ಬಿಚ್ಚುವುದಕ್ಕೂ ಬಿಡಲಿಲ್ಲ.

ಆಗ ಬಾಗಿಲಲ್ಲಿದ್ದ ಯೂದಾನ ತಡೆಯಲಾರದೆ ಒಳಗೆ ಬಂದ. "ಪಸ್ಕ ಹಬ್ಬದ ಹಿಂದಿನ ದಿನ ಅಂತ ತಾನೇ ಬರೆದಿರೋದು? ನಮಗೆ ದಿನ ಹುಟ್ಟೋದು ಸೂರ್ಯ ಮುಳುಗಿದ ಮೇಲೆ. ಆದ್ರೂ ಹಗಲಿನ ತಾಸು ಎಣಿಸೋದು ಎಲ್ಲರ ಹಾಗೇನೆ. ಆ ದಿನ ಆರನೇ ತಾಸು ಅಂದ್ರೆ ನಡುಹಗಲು, ಮನೆ ಮನೇಲೂ ಹುಳಿಹಿಟ್ಟು ಸುಡೋ ಹೊತ್ತು. ಅದಾದ ಮೇಲೆ, ದೇವಾಲಯ ಇದ್ದ ಕಾಲದಲ್ಲಿ, ಕುರಿಮರಿ ಕೊಯ್ಯೋಕೆ ಸಾಲು ನಿಲ್ತಿದ್ರಂತೆ. ನಿಮ್ಮ ಆ ಯೋಹಾನ ಸುಮ್ಮನೆ ಬರೆದಿಲ್ಲ ಬಿಡಿ. ನಿಮ್ಮ ಪ್ರಭುವಿನ ಸಾವಿಗೆ ಅವನಿಗೆ ಕುರಿಮರಿ ಕೊಯ್ಯೋ ಆ ಹೊತ್ತೇ ಬೇಕಿತ್ತು." ಗೊರ್ಗೋನಿಯ ಹುಬ್ಬು ಗಂಟಿಕ್ಕಿ, ಹಾಗಾದರೆ ಒಬ್ಬ ಸುಳ್ಳು ಹೇಳಿದಂತಾಯಿತಲ್ಲ ಎಂದಾಗ ಮುದುಕ ನಕ್ಕ. "ನಮ್ಮವ್ವ ತೀರಿಕೊಂಡದ್ದು ಬೆಳಿಗ್ಗೆ ಅಂತಾನೆ ನಮ್ಮಣ್ಣ. ನಾನು ಮಧ್ಯಾಹ್ನ ಅಂತೀನಿ. ಇಬ್ಬರೂ ಪಕ್ಕದಲ್ಲೇ ಇದ್ವಿ. ಅವ್ವ ಸತ್ತದ್ದು ಸುಳ್ಳಾ?"

ನೀನು ಅವನ ಕೈ ಹಿಡಿದುಕೊಂಡೆ. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ ಎಂದು ಗೊರ್ಗೋನಿಯನಿಗೆ ಹೇಳಿ ಹೊರಟೇಬಿಟ್ಟೆ.

ಈಗ ನಿನಗೆ ಗೊತ್ತಿಲ್ಲದ ಭಾಗ. ಅರೇಬಿಯಾ ಗಡಿಯ ಸಭೆಗಾಗಿ ನೀನು ಆ ಹಾಳೆ ಬರೆದು, ತಿದ್ದಲು ನನಗೆ ಬಿಟ್ಟು ಮನೆಗೆ ಹೋದ ಮೇಲೆ ಗೊರ್ಗೋನಿಯ ನನ್ನ ಮೇಜಿನ ಬಳಿ ಬಂದು ನಿಂತ. ಶಾಯಿ ಕೆರೆಯುವ ಚಾಕುವನ್ನು ನನ್ನ ಮುಂದಿಟ್ಟು, ಆ ಹಾಳೆಯ ಮೇಲೆ ಬೆರಳು ತಟ್ಟಿ ಹೊರಟುಹೋದ. ನೀನು ಅಂಕಿಯನ್ನು ಗ್ರೀಕರ ಹಳೇ ಪದ್ಧತಿಯಲ್ಲಿ ಒಂದೇ ಅಕ್ಷರವಾಗಿ ಬರೆಯುವವನು. ಆರರ ಅಕ್ಷರದ ನಡುವಿನ ಒಂದು ಸಣ್ಣ ಅಡ್ಡಗೆರೆ ಹೋದರೆ ಅದು ಮೂರು. ನಾನು ಕೆರೆದೆ. ಉಸಿರು ಬಿಗಿಹಿಡಿದು ನಾಲ್ಕು ಎಳೆತ, ಅಷ್ಟೇ. ಉಗುರಿನಿಂದ ತೀಡಿ ನುಣುಪು ಮಾಡಿದೆ. ಸಂಸಾರ ಉಳಿಸಲು ಹಾಗೆ ಮಾಡಿದೆ ಎಂದು ಬಹಳ ದಿನ ನನಗೇ ಹೇಳಿಕೊಂಡೆ. ಅದು ನಿಜವಲ್ಲ. ಆ ಮೇಜಿಗಾಗಿ ಮಾಡಿದೆ. ಹೆಂಗಸೊಬ್ಬಳನ್ನು ಕೂರಿಸಿ, ಇದನ್ನು ತಿದ್ದು ಎಂದು ಕೊಟ್ಟ ಮೇಜು ಲೋಕದಲ್ಲಿ ಅದೊಂದೇ ಇತ್ತು. ನಿನ್ನ ಸತ್ಯದ ಹಿಂದೆ ನಾಲ್ಕನೇ ಸಲ ಗಂಟು ಕಟ್ಟಲು ನನಗೆ ಮನಸ್ಸಿರಲಿಲ್ಲ.

ಪಸ್ಕ ಕಳೆದ ಮೇಲೆ ಪುಸ್ತಕ ವಾಪಸು ಬಂತು. ಆ ಊರಿನ ಮುದಿ ಗುರು ಹಾಳೆಯನ್ನು ಬಿಸಿಲಿಗೆ ಹಿಡಿದು ನೋಡಿದ್ದನಂತೆ. 'ಅಪೊಸ್ತಲನ ಬಾಯನ್ನೇ ಕೆರೆಯುವ ಕಾರ್ಖಾನೆ ನಮಗೆ ಬೇಡ' ಎಂದು ಬರೆದಿದ್ದ. ಗೊರ್ಗೋನಿಯ ಏನೂ ಅರಿಯದವನ ಹಾಗೆ ಎಲ್ಲರ ಮುಂದೆ ಗುಡುಗಿದ: "ಯಾರ ಕೆಲಸ ಇದು?" ನೀನು ಹಾಳೆ ಎತ್ತಿ ನೋಡಿದೆ. ನನ್ನ ಕಡೆ ಒಂದು ಸಲ ನೋಡಿದೆ. ಮತ್ತೆ ಅದೇ ಮೆಲುದನಿ: "ನಂದೇ ಇರಬೇಕು. ಕಣ್ಣು ಮಂಜಾಗಿತ್ತು."

ನಾನು ಬಾಯಿ ತೆರೆಯಲಿಲ್ಲ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಮನೆಗೆ ಬಂದು ನಿನ್ನ ಮೇಲೆಯೇ ಹರಿಹಾಯ್ದೆ. "ಯಾಕೆ ಹಾಗೆ ಮಾಡಿದಿ? ಸತ್ಯ ಸತ್ಯ ಅಂತ ಊರೆಲ್ಲ ಸಾರಿ ಕೊನೆಗೆ ನೀನೇ ಕಳ್ಳಚಾಕು ಆಡಿಸಿದೆಯಾ?" ಎಂದು ಕೂಗಿದೆ. ಗೋಡೆಯಾಚೆ ಕೇಳಿಸಲಿ ಎಂದೇ ಕೂಗಿದೆ. ನೀನು ಪಾದರಕ್ಷೆಯ ದಾರ ಕಟ್ಟಿಕೊಳ್ಳುತ್ತಾ, "ಸರಿ ಅಮ್ಮಿಯಾ" ಎಂದೆ. ಅಷ್ಟೇ. ಅಂದೇ ನೀನು ಬೇಶಾನಿಗೆ ಹೊರಟುಹೋದೆ. ಆ ಎರಡು ಮಾತು ಹನ್ನೊಂದು ತಿಂಗಳಿಂದ ನನ್ನ ಬೆನ್ನು ಹತ್ತಿದೆ. ನಿನಗೆ ಆಗಲೇ ಗೊತ್ತಿತ್ತೋ, ಅಥವಾ ನಿನ್ನ ಕಣ್ಣನ್ನೇ ನೀನು ಸಂಶಯಿಸಿದೆಯೋ? ಎರಡರಲ್ಲಿ ಯಾವುದಾದರೂ ನನ್ನ ಪಾಪ ಕಡಿಮೆಯಾಗದು. ಆದರೂ ಕೇಳುತ್ತಿದ್ದೇನೆ.

ಮೂರು ದಿನದಿಂದ ಆ ಹಾಳೆ ನನ್ನ ಮೇಜಿನ ಮೇಲೆ ತೆರೆದೇ ಬಿದ್ದಿದೆ. ಇಂದು ಸಂಜೆ ಯೂದಾನ ತೊಗಲು ತಂದವನು ನನ್ನ ಒಣಗಿದ ಲೇಖನಿ ನೋಡಿ, "ಏನಮ್ಮಾ, ಇನ್ನೂ ಹೊತ್ತು ಕೂಡಿಸ್ತಾ ಇದೀಯಾ? ಬೇಶಾನಿನಲ್ಲಿ ಮೊನ್ನೆ ನಿನ್ನ ಯಜಮಾನನ್ನ ಕಂಡೆ. ಸೊರಗಿದ್ದಾನೆ. ನಿನ್ನ ಮೇಜು ಹೇಗಿದೆ ಅಂತ ಕೇಳ್ದ" ಎಂದ. ಮೇಜು ಹೇಗಿದೆ ಎಂದು! ನಾನು ಹೇಗಿದ್ದೇನೆ ಎಂದಲ್ಲ.

ನಾಳೆ ಎಲ್ಲರೂ ಸೇರಿದಾಗ ಗೊರ್ಗೋನಿಯನಿಗೆ ಹೇಳುತ್ತೇನೆ. ಹೇಳಿದ ಮೇಲೆ ಆ ಮೇಜು ಇರುವುದಿಲ್ಲ. ಪತ್ರವನ್ನು ಮಧ್ಯಾಹ್ನ ಹೊರಡುವ ನಾರುಬಟ್ಟೆಯ ಗಾಡಿಯವನಿಗೆ ಕೊಡುತ್ತೇನೆ. ಉತ್ತರ ಬರೆಯುವೆಯಾದರೆ ಬರೆ. ಬೈದು ಬರೆ. ಎರಡೇ ಮಾತಿನಲ್ಲಿ ಮುಗಿಸಬೇಡ.

ಅಮ್ಮಿಯಾ

ಮರೆತ ಮಾತು: ಬೇಶಾನ್, ಶನಿವಾರ. ಪತ್ರವನ್ನು ಗಾಡಿಯವನಿಗೆ ಕೊಡಲಿಲ್ಲ. ಅವನ ಗಾಡಿಯಲ್ಲಿ ನಾನೇ ಬಂದೆ. ಗುರುವಾರ ಎಲ್ಲರ ಮುಂದೆ ನಿಂತು, ಕೆರೆದವಳು ನಾನು ಎಂದೆ. ಗೊರ್ಗೋನಿಯ, "ನಾನು ಹೇಳಿಕಳಿಸಿದ್ದನ್ನ ಅವನಿಗೆ ಹೇಳಲೇ ಇಲ್ವಾ?" ಎಂದು ಕೇಳಿದ. ಹಾಗಾಗಿ ಮೇಲೆ ಬರೆದದ್ದರಲ್ಲಿ ಒಂದು ಜಾಗ ಸುಳ್ಳು ಎಂದು ಒಪ್ಪಿಕೊಳ್ಳಬೇಕು. ಅವನು ನನ್ನ ಮುಂದೆ ಚಾಕು ಇಡಲಿಲ್ಲ. "ನಿನ್ನ ಗಂಡ ಹೇಳಿದ್ದೇ ಸರಿ, ಇದ್ದ ಹಾಗೇ ಇರಲಿ. ಯೂದಾನ ಹೇಳಿದ್ದನ್ನ ಬದಿಯಲ್ಲಿ ಸಣ್ಣಕ್ಷರದಲ್ಲಿ ಬರೀಲಿಕ್ಕೆ ಹೇಳು" ಎಂದಿದ್ದ. ನೀನೇ ಮತ್ತೆ ಗೆದ್ದೆ ಎಂದು ಮನೆಗೆ ಬಂದು ಹೇಳಲು ನನ್ನಿಂದಾಗಲಿಲ್ಲ, ಜೆಬಿನ. ಬರೀ ಅಷ್ಟಕ್ಕೇ ಕೆರೆದೆ. ಮೇಜಿಗಾಗಿಯೂ ಅಲ್ಲ.

ಈಗ ನಾರುಪೇಟೆಯ ಬಾಗಿಲಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ನೀನು ಮೂರನೇ ಕಂಬದ ಬಳಿ, ಯಾರೋ ಮುದುಕಿಗೆ ಪತ್ರ ಓದಿ ಹೇಳುತ್ತಿದ್ದೀಯ. ನಿಜಕ್ಕೂ ಸೊರಗಿದ್ದೀಯ. ಅವಳು ಎದ್ದ ಕೂಡಲೇ ಬಂದು ಇದನ್ನು ನಿನ್ನ ಕೈಗೆ ಕೊಡುವವಳು ನಾನೇ. ಓದಿ ಮುಗಿಸುವ ತನಕ ತಲೆ ಎತ್ತಬೇಡ.